ನನ್ನ ಹಿಂದೆ ಓಡುತ್ತಿದ್ದವಳು

ಕಳೆದ ವಾರ ಸಾಮಾನಿನ ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದೆ. ನಮ್ಮ ಕಟ್ಟಡದ ಲಿಫ್ಟು ಕೆಟ್ಟರೆ ಸರಿಯಾಗಲು ಯಾವಾಗಲೂ ಒಂದು ವಾರ ಬೇಕು. ಮನೆಯ ಬಾಗಿಲು ಇನ್ನೇನು ಬಂತು ಅನ್ನುವಾಗ ಮೇಲಿನ ಮಹಡಿಯಿಂದ ಹಸಿ ಕಾಫಿಬೀಜ ಹುರಿಯುವ ವಾಸನೆ ಬಂತು. ಅದರ ಜೊತೆಗೆ ಕೆಂಡದ ಮೇಲೆ ಹಾಕಿದ ಲುಬಾನದ ಹೊಗೆ. ಲುಬಾನದ ಧೂಪ ಮಸ್ಕತ್ತಿನಲ್ಲಿ ಯಾವ ಮನೆಯಿಂದಲೂ ಬರಬಹುದು, ಅದಕ್ಕೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎರಡೂ ಸೇರಿ ಬಂದದ್ದೇ ನನಗೆ ಕಷ್ಟವಾಯಿತು. ಮೇಲೆ ಹೊಸ ಬಾಡಿಗೆಯವರು ಬಂದಿದ್ದಾರೆಂದು ವಾಚ್‌ಮನ್ ಹೇಳಿದ್ದ. ಯಾರು, ಯಾವ ದೇಶದವರು ಎಂದು ನಾನು ಕೇಳಿರಲಿಲ್ಲ. ಚೀಲವನ್ನು ಮೆಟ್ಟಿಲ ಮೇಲಿಟ್ಟು ಸ್ವಲ್ಪ ಹೊತ್ತು ಅಲ್ಲೇ ನಿಂತೆ. ಇಷ್ಟು ವರ್ಷಗಳಾದರೂ ಹೊಟ್ಟೆಯೊಳಗೆ ಅದೇ ಉರಿ.

ಆ ಮನೆಯಲ್ಲಿ ಹಿಂದೆ ಇದ್ದವಳು ಇಥಿಯೋಪಿಯಾದವಳು. ನಾವು ಅವಳನ್ನು ಮೇಲಿನ ಮನೆಯವಳು ಎಂದೇ ಕರೆಯುತ್ತಿದ್ದೆವು. ಅಲ್ ಖೌದ್ ಬಡಾವಣೆಯ ಹಲ್ಲಿನ ಕ್ಲಿನಿಕ್ ಒಂದರ ರಿಸೆಪ್ಷನ್‌ನಲ್ಲಿ ಕೂರುತ್ತಿದ್ದಳು. ಉದ್ದ ಕತ್ತು, ಕಡ್ಡಿಯಂಥ ಕಾಲು, ನಗುವಾಗ ಒಸಡು ಕಾಣುವ ಮುಖ. ನಾನು ಇಲ್ಲಿನ ಒಂದು ಭಾರತೀಯ ಶಾಲೆಯಲ್ಲಿ ಪಿ.ಟಿ. ಟೀಚರ್. ಕಾಲೇಜು ದಿನಗಳಲ್ಲಿ ಊರಲ್ಲಿ ಐದು ಸಾವಿರ ಮೀಟರ್ ಓಡುತ್ತಿದ್ದವಳು, ಅಂತರ ಕಾಲೇಜು ಕೂಟಗಳಲ್ಲಿ ಗೆದ್ದವಳು. ಓಟದಲ್ಲಿ ನನಗೆ ಬೇಕಾಗಿದ್ದದ್ದು ಒಂದೇ, ಮುಂದೆ ಯಾರೂ ಇರಬಾರದು. ಮದುವೆಯಾಗಿ ಗಂಡನ ಹಿಂದೆ ಒಮಾನಿಗೆ ಬಂದೆ, ಮಗಳು ಹುಟ್ಟಿದಳು, ಮೈ ತುಂಬಿತು. ಆದರೆ ಬೆಳಗಿನ ಓಟ ಬಿಡಲಿಲ್ಲ. ಈ ಊರಿನಲ್ಲಿ ಮನೆ ಬಾಡಿಗೆಯದ್ದು, ವೀಸಾ ಗಂಡನ ಕಂಪನಿಯದ್ದು. ನನ್ನದೇ ಎಂದು ಇದ್ದದ್ದು ಆ ಓಟ ಮಾತ್ರ.

ನಾನು ಓಡುತ್ತಿದ್ದದ್ದು ವಾದಿಯಲ್ಲಿ. ಮಳೆ ಬಂದಾಗ ಮಾತ್ರ ನೀರು ಹರಿಯುವ ಒಣ ಹೊಳೆಗೆ ಇಲ್ಲಿ ಹಾಗೆ ಹೇಳುತ್ತಾರೆ. ಬೆಳಗಿನ ನಮಾಜ್ ಮುಗಿದು ಬೆಳಕು ಹರಿಯುವ ಹೊತ್ತಿಗೆ ಅಲ್ಲಿ ಅಬಾಯ ತೊಟ್ಟ ಹೆಂಗಸರು ನಡೆಯುತ್ತಿರುತ್ತಾರೆ. ಓಡುವವಳು ನಾನೊಬ್ಬಳೇ. ಒಂದು ದಿನ ಹಿಂದೆ ಹೆಜ್ಜೆ ಸದ್ದು ಕೇಳಿಸಿತು. ವೇಗ ಹೆಚ್ಚಿಸಿದೆ, ಸದ್ದೂ ಹೆಚ್ಚಿತು. ನಿಂತು ತಿರುಗಿದರೆ ಮೇಲಿನ ಮನೆಯವಳು! ಸೊಂಟಕ್ಕೆ ಬಿಳಿ ಹತ್ತಿಯ ಶಾಲು ಕಟ್ಟಿಕೊಂಡು ಅವಳೂ ನಿಂತಿದ್ದಳು.

ಯಾಕೆ ಹಿಂದೆ ಬರುತ್ತಿದ್ದೀ ಎಂದು ಕೇಳಿದೆ. ನಾವು ಮಾತಾಡುತ್ತಿದ್ದದ್ದು ಅರ್ಧ ಇಂಗ್ಲಿಷ್, ಅರ್ಧ ಅರಬ್ಬಿ, ನಡುವೆ ಅವಳು ಕ್ಲಿನಿಕ್‌ನಲ್ಲಿ ಕಲಿತ ನಾಲ್ಕು ಹಿಂದಿ ಮಾತು.

"ನೀನು ಒಬ್ಬಳೇ ಓಡ್ತಾ ಇದ್ದೆ ಸಿಸ್ಟರ್, ಅದಕ್ಕೆ" ಎಂದಳು.

ಅದನ್ನು ಹೇಳಿದ ರೀತಿಯಲ್ಲಿ ಮರುಕ ಇತ್ತು. ಅವಳ ಊರಿನ ಗುಡ್ಡಗಳಲ್ಲಿ ಯಾರೂ ಒಬ್ಬರೇ ಓಡುವುದಿಲ್ಲವಂತೆ. ಒಬ್ಬಳೇ ಓಡುವುದೆಂದರೆ ಬಾಗಿಲು ಹಾಕಿಕೊಂಡು ಒಬ್ಬಳೇ ಉಂಡ ಹಾಗಂತೆ. ಸಾಲಾಗಿ ಓಡಬೇಕು, ಮುಂದಿನವರ ಪಾದ ಬಿದ್ದಲ್ಲೇ ಹಿಂದಿನವರ ಪಾದ ಬೀಳಬೇಕು, ಕಣ್ಣು ಅವರ ಹಿಮ್ಮಡಿಯಲ್ಲಿರಬೇಕು ಎಂದು ಏನೇನೋ ಹೇಳಿದಳು. ನಾನು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಮೈದಾನದಲ್ಲಿ ಸುಣ್ಣದ ಗೆರೆ ಎಳೆದು, ನಿನ್ನ ಗೆರೆ ಬಿಟ್ಟು ಆಚೆ ಕಾಲಿಟ್ಟರೆ ಜಾಗ್ರತೆ ಎಂದು ಮಕ್ಕಳಿಗೆ ವಿಸಿಲ್ ಊದುವವಳು ನಾನು. ಇವಳಿಗೆ ನನ್ನಷ್ಟು ಓಡಲಾಗುವುದಿಲ್ಲ, ಅದಕ್ಕೇ ಹಿಂದೆ ಬರುತ್ತಾಳೆ ಎಂದು ಲೆಕ್ಕ ಹಾಕಿಬಿಟ್ಟೆ. ಒಳಗೊಳಗೇ ಖುಷಿಯೂ ಆಯಿತು.

ಅಂದಿನಿಂದ ದಿನವೂ ಅವಳು ನನ್ನ ಹಿಂದೆ. ಕೆಳಗಿನ ದಿನಸಿ ಅಂಗಡಿಯ ಕಾಕ ಉಳ್ಳಾಲದ ಕಡೆಯ ಬ್ಯಾರಿ, ನಾಲಿಗೆಯಲ್ಲಿ ತುರಿಕೆ ಜಾಸ್ತಿ. ಅವಳಿಗೆ ನೆಗಡಿಯಾಗಿ ಒಂದು ದಿನ ಬಾರದಿದ್ದರೆ, "ಎಂತ ಟೀಚರೇ, ಇವತ್ತು ನಿಮ್ಮ ಬಾಲ ಬರ್ಲಿಲ್ವಾ?" ಎಂದು ಶಟರ್ ಎತ್ತುತ್ತಾ ಕೇಳುತ್ತಿದ್ದರು. ನನಗೆ ಆ ಮಾತು ಸಕ್ಕರೆ ತಿಂದಷ್ಟು ಇಷ್ಟವಾಗುತ್ತಿತ್ತು.

ಆದರೆ ಒಂದು ಸಂಗತಿ ಮುಳ್ಳಿನಂತೆ ಚುಚ್ಚುತ್ತಿತ್ತು. ಅವಳ ಉಸಿರು ಕೇಳಿಸುತ್ತಿರಲಿಲ್ಲ. ನಾನು ಏರಿನಲ್ಲಿ ಏದುಸಿರು ಬಿಡುತ್ತಿದ್ದರೆ ಹಿಂದೆ ಬರೀ ಹೆಜ್ಜೆಯ ಸದ್ದು, ಒಂದೇ ತಾಳ. ಕೆಲವೊಮ್ಮೆ ಮೆಲ್ಲಗೆ ಗುನುಗುತ್ತಲೂ ಇದ್ದಳು. ಓಡುತ್ತಾ ಹಾಡು ಗುನುಗುವುದೆಂದರೆ!

ಶುಕ್ರವಾರ ರಜೆ. ಓಟ ಮುಗಿಸಿ ಬಂದ ಮೇಲೆ ನಮ್ಮನ್ನು ಮನೆಗೆ ಕರೆಯುತ್ತಿದ್ದಳು. ನೆಲದ ಮೇಲೆ ಹಸಿರು ಹುಲ್ಲಿನಂಥ ಪ್ಲಾಸ್ಟಿಕ್ ಚಾಪೆ ಹಾಸಿ, ಹಸಿ ಬೀಜವನ್ನು ನಮ್ಮೆದುರೇ ಹುರಿದು, ಹೊಗೆಯಾಡುವ ಬಾಣಲೆಯನ್ನು ಒಬ್ಬೊಬ್ಬರ ಮೂಗಿನ ಹತ್ತಿರ ತರುತ್ತಿದ್ದಳು. ಕೈಯಲ್ಲಿ ಆ ಹೊಗೆಯನ್ನು ಮುಖದ ಕಡೆ ಎಳೆದುಕೊಳ್ಳಬೇಕು. ಕಾಫಿಯ ಜೊತೆಗೆ ಹುರಿದ ಜೋಳದ ಅರಳು. ಒಂದೇ ಪಾತ್ರೆಯಿಂದ ಮೂರು ಸುತ್ತು ಕಾಫಿ. ಮೂರನೆಯದು ಆಶೀರ್ವಾದದ ಲೋಟ, ಅದಕ್ಕೆ ಮೊದಲು ಎದ್ದರೆ ಮನೆಯವಳಿಗೆ ಅವಮಾನ.

"ನಿನ್ನ ಕಾಫಿಗಿಂತ ಇದು ಲಾಯ್ಕ ಉಂಟು ಮಾರಾಯ್ತಿ" ಎಂದು ನನ್ನ ಗಂಡ ಮೂರನೆಯ ಲೋಟ ಹೀರುತ್ತಾ ಹೇಳಿದರು. ಮಗಳು ಆಗಲೇ ಅವಳ ತೊಡೆ ಏರಿ, ಕೂದಲಿಗೆ ಸಣ್ಣ ಸಣ್ಣ ಜಡೆ ಹಾಕಿಸಿಕೊಳ್ಳುತ್ತಿದ್ದಳು. ನಾನು ಎಣ್ಣೆ ಹಚ್ಚಿ ಬಾಚಲು ಕರೆದರೆ ಮೂರು ಮನೆ ಓಡುವ ಮಗು! ನನಗೆ ಕಾಫಿ ಕಹಿಯಾಯಿತು.

ತನ್ನ ಮನೆಯವರ ಬಗ್ಗೆ ಅವಳು ಹೆಚ್ಚು ಹೇಳುತ್ತಿರಲಿಲ್ಲ. ಅಮ್ಮ, ತಮ್ಮಂದಿರು ದೂರದಲ್ಲಿದ್ದಾರೆ, ಅಲ್ಲಿಂದ ಕರೆ ಬರಬೇಕು, ಬಂದರೆ ಹೋಗುತ್ತೇನೆ ಎಂದಷ್ಟೇ. ಶನಿವಾರ ಕತ್ತಲಾಗುವವರೆಗೆ ಅಮ್ಮನಿಂದ ಸಂದೇಶ ಬರುತ್ತಿರಲಿಲ್ಲ, ಕತ್ತಲಾದ ಮೇಲೆ ಫೋನ್ ಕಿವಿಗೊತ್ತಿಕೊಂಡು ಅಮ್ಮನ ಧ್ವನಿಯನ್ನು ಮತ್ತೆ ಮತ್ತೆ ಕೇಳುತ್ತಿದ್ದಳು. ಅದು ಯಾಕೆ ಶನಿವಾರ ಎಂದು ನನಗೆ ಹೊಳೆಯಲೇ ಇಲ್ಲ…

ಆ ಚಳಿಗಾಲದಲ್ಲಿ ಕುರುಂ ಕಡಲತೀರದ ರಸ್ತೆಯಲ್ಲಿ ಹೆಂಗಸರಿಗೆ ಹತ್ತು ಕಿಲೋಮೀಟರ್ ಓಟ ಇಟ್ಟಿದ್ದರು. ನಾನು ಹೆಸರು ಕೊಟ್ಟೆ. ಅವಳೂ ಬಂದಳು. ನನ್ನ ಶಾಲೆಯ ಟೀಚರುಗಳೆಲ್ಲ ಬಿಸಿಲು ಟೋಪಿ ಹಾಕಿಕೊಂಡು ರಸ್ತೆ ಬದಿಯಲ್ಲಿ ನಿಂತಿದ್ದರು. ಊರು ಬಿಟ್ಟ ಮೇಲೆ ನನ್ನನ್ನು ಓಟಗಾರ್ತಿ ಎಂದು ಯಾರಾದರೂ ನೋಡುವುದಿದ್ದರೆ ಅದು ಅವತ್ತೇ. ಇವತ್ತು ಗೆಲ್ಲಲೇಬೇಕು ಎಂದು ಲೇಸಿಗೆ ಎರಡು ಗಂಟು ಹಾಕಿದೆ.

ಹೋಗುವಾಗ ಬೆನ್ನಿಗೆ ಗಾಳಿ. ನಾನು ಮುಂದೆ, ನನ್ನ ಹಿಮ್ಮಡಿಗೆ ಅಂಟಿಕೊಂಡು ಅವಳು, ಉಳಿದವರು ಎಲ್ಲೋ ಹಿಂದೆ. ತಿರುವಿನಲ್ಲಿ ತಿರುಗಿದೆವು ನೋಡಿ, ಕಡಲ ಗಾಳಿ ಎದುರಿನಿಂದ ಎದೆಗೆ ಒದೆಯುವ ಹಾಗೆ ಬಂತು. ಆಗ ಅವಳು ಪಕ್ಕಕ್ಕೆ ಬಂದಳು. ಯಾವ ಶ್ರಮವೂ ಇಲ್ಲದೆ ನನ್ನನ್ನು ದಾಟಿದಳು. ದಾಟಿ, ಬಲಗೈಯನ್ನು ಸೊಂಟದ ಹಿಂದೆ ತಂದು, ಬೆರಳು ಮಡಚಿ ಮಡಚಿ ನನ್ನನ್ನು ಕರೆದಳು. ಬಾ, ಬಾ.

ನಾಯಿಮರಿಯನ್ನು ಕರೆದ ಹಾಗೆ ಕಂಡಿತು ನನಗೆ. ಇಷ್ಟು ತಿಂಗಳು ಹಿಂದೆ ಬಂದದ್ದು ನಾಟಕ, ನನ್ನ ಶಾಲೆಯವರ ಎದುರೇ ಅಣಕಿಸುತ್ತಿದ್ದಾಳೆ ಎಂದು ಮೈಯೆಲ್ಲ ಉರಿಯಿತು. ಅವಳ ಬೆನ್ನು ಬಿಟ್ಟು ರಸ್ತೆಯ ಆ ಬದಿಗೆ ಹೋದೆ. ನನ್ನ ಗೆರೆಯಲ್ಲಿ ನಾನು ಓಡುತ್ತೇನೆ, ನಿನ್ನ ಹಂಗು ಬೇಡ ಎಂದು. ಅವಳು ಮತ್ತೆ ಮತ್ತೆ ತಿರುಗಿ ನೋಡಿದಳು, ಬೆರಳು ಆಡಿಸಿದಳು. ನಾನು ಕಡಲ ಕಡೆ ನೋಡಿದೆ. ಒಬ್ಬಳಿಗೇ ಎದುರಾದ ಆ ಗಾಳಿಯಲ್ಲಿ ತೊಡೆ ಕಲ್ಲಾಯಿತು. ಒಬ್ಬಳು ಒಮಾನಿ ಹುಡುಗಿ ದಾಟಿದಳು, ಆಮೇಲೆ ಬಿಳಿಯ ಹೆಂಗಸೊಬ್ಬಳು…

ಗೆದ್ದವಳು ಅವಳೇ. ನಾನು ಮುಗಿಸುವ ಹೊತ್ತಿಗೆ ಅಲ್ಲೇ ಕಾಯುತ್ತಿದ್ದಳು, ಮುಖದಲ್ಲಿ ನಗು ಇರಲಿಲ್ಲ. ನಿಜಕ್ಕೂ ಸಿಟ್ಟಾಗಿದ್ದಳು.

"ಯಾಕೆ ಬರಲಿಲ್ಲ? ಅಷ್ಟು ದೂರ ನೀನು ನನ್ನನ್ನು ಎಳೆದೆ. ಗಾಳಿ ಬಂತು, ನನ್ನ ಸರದಿ. ನಾನು ಗಾಳಿ ತಡೀತೀನಿ, ನೀನು ಹಿಂದೆ ಆರಾಮ ಮಾಡ್ಕೋಬೇಕು. ಇಬ್ಬರೂ ಒಟ್ಟಿಗೆ ಮುಗಿಸ್ತಿದ್ದೆವು!"

"ಖಲಾಸ್, ಸಾಕು" ಎಂದು ನೀರಿನ ಬಾಟಲಿ ಎತ್ತಿಕೊಂಡೆ.

ಅವಳು ಹೇಳಿದ್ದು ನಿಜ ಎಂದು ಅಲ್ಲೇ ಗೊತ್ತಾಗಿತ್ತು. ಗೊತ್ತಾದರೆ ಹೊಟ್ಟೆಕಿಚ್ಚು ಇಳಿಯುತ್ತದೆಯೇ? ಇನ್ನಷ್ಟು ಏರಿತು. ಕಾಲು ಮಾತ್ರವಲ್ಲ, ಮನಸ್ಸೂ ನನಗಿಂತ ದೊಡ್ಡದು ಎಂದಾದರೆ ನನಗೆ ಉಳಿಯುವುದಾದರೂ ಏನು? ಮರುದಿನ ಕಾಕ, "ಟೀಚರೇ, ಬಾಲವೇ ಮಂಡೆ ಆಯ್ತಲ್ಲ ಮಾರ್ರೆ!" ಎಂದರು. ಒಂದು ವಾರ ಅವರ ಅಂಗಡಿಯಲ್ಲಿ ಹಾಲು ತೆಗೆದುಕೊಳ್ಳಲಿಲ್ಲ.

ಅವಳು ಮಾತ್ರ ಏನೂ ಆಗದವಳಂತೆ ಬೆಳಿಗ್ಗೆ ಬಂದು ನನ್ನ ಹಿಂದೆ ನಿಂತಳು. ನಾನು ಮುಂದೆ ಓಡಿದೆ. ವಾದಿಯ ಏರಿನಲ್ಲಿ ಎದುರುಗಾಳಿ ಬಂದ ದಿನಗಳಲ್ಲೆಲ್ಲ ಅವಳು ಮುಂದೆ ಬಂದು ಕೈ ಆಡಿಸುವಳು, ನಾನು ಪಕ್ಕಕ್ಕೆ ಸರಿಯುವೆ. ಹಾಗೆಯೇ ಬೇಸಿಗೆ ಬಂತು. ಒಂದು ದಿನ ಅವಳಿಗೆ ಕರೆ ಬಂತು. ಸಾಮಾನೆಲ್ಲ ಹಂಚಿ, ಒಂದೇ ಪೆಟ್ಟಿಗೆ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಮಗಳನ್ನು ಎತ್ತಿ ಮುದ್ದಾಡಿದಳು. ನನ್ನ ಭುಜಕ್ಕೆ ಭುಜ ತಾಗಿಸಿ, "ಒಬ್ಬಳೇ ಓಡಬೇಡ ಸಿಸ್ಟರ್" ಎಂದಳು. ಯಾವ ದೇಶಕ್ಕೆ ಎಂದು ಕೇಳಿದರೆ, "ಅಮ್ಮನ ಹತ್ತಿರ" ಎಂದಳು.

ಆ ದೇಶ ಯಾವುದೆಂದು ತಿಳಿದದ್ದು ಕೆಲವು ವರ್ಷಗಳ ಮೇಲೆ, ಟಿವಿಯಲ್ಲಿ. ಯುರೋಪಿನ ಯಾವುದೋ ಊರಿನ ಮ್ಯಾರಥಾನ್. ನಾನು ಚಪಾತಿ ಲಟ್ಟಿಸುತ್ತಾ ಅರ್ಧ ಕಣ್ಣಿನಲ್ಲಿ ನೋಡುತ್ತಿದ್ದೆ. ಆ ಕತ್ತು, ಆ ಕಡ್ಡಿ ಕಾಲು! ಎದೆಯ ಮೇಲೆ ಇಸ್ರೇಲ್ ಎಂದು ಬರೆದಿತ್ತು. ಯೆಹೂದಿಗಳಿಗೆ ಶನಿವಾರ ಕತ್ತಲಾಗುವವರೆಗೆ ಸಬ್ಬತ್, ಫೋನ್ ಮುಟ್ಟುವುದಿಲ್ಲ. ಶನಿವಾರದ ಅಮ್ಮ ಆಗ ಅರ್ಥವಾದಳು.

"ಇದನ್ನು ಹೊರಗೆ ಹೇಳ್ಲಿಕ್ಕೆ ಹೋಗ್ಬೇಡ ಮಾರಾಯ್ತಿ, ಸುಮ್ಮನೆ ಎಂತಕ್ಕೆ" ಎಂದರು ಗಂಡ. ಹೇಳಲಿಲ್ಲ. ಈಗಂತೂ ಆ ದೇಶದ ಹೆಸರೆತ್ತಿದರೆ ಓಟದ ಮಾತು ಓಟದಲ್ಲಿ ಉಳಿಯುವುದಿಲ್ಲ. ಹಾಗಾಗಿ ನನ್ನ ಹೊಟ್ಟೆಕಿಚ್ಚನ್ನು ನಾನೊಬ್ಬಳೇ ಸಾಕಿದೆ. ಫೋನಿನಲ್ಲಿ ಹುಡುಕಿ ಹುಡುಕಿ ಓದಿದೆ. ಹೋದ ಹೊಸತರಲ್ಲಿ ಒಂದು ವೃದ್ಧಾಶ್ರಮದಲ್ಲಿ ನೆಲ ಒರೆಸುತ್ತಿದ್ದಳಂತೆ, ಬೆಳಿಗ್ಗೆ ಓಡುವುದನ್ನು ಯಾರೋ ತರಬೇತುದಾರ ನೋಡಿದನಂತೆ. ಆ ದೇಶದ ಮ್ಯಾರಥಾನ್ ಗೆದ್ದಳು. ಪಾದದ ಮೂಳೆ ಬಿರುಕು ಬಿಟ್ಟು ಎರಡು ವರ್ಷ ಕೂತಳು. ಆಗ ನನಗೆ ಸಮಾಧಾನವಾಯಿತು ಎಂದರೆ ನೀವು ನನ್ನನ್ನು ಏನೆಂದುಕೊಳ್ಳುತ್ತೀರೋ… ಆದರೆ ಆಯಿತು. ಹೆತ್ತ ಮೇಲೆ ಮತ್ತೆ ಓಡಿದಳು, ಮತ್ತೆ ಗೆದ್ದಳು. ನಾನು ಹೆತ್ತ ಮೇಲೆ ಇಳಿಸಲಾಗದ ತೂಕವನ್ನು ಇವಳು ಎಲ್ಲಿ ಇಳಿಸಿದಳು ಎಂದು ಅದಕ್ಕೂ ಉರಿದುಕೊಂಡೆ. ಅವಳ ಹಳೆಯ ನಂಬರಿಗೆ ಒಮ್ಮೆ ಅಭಿನಂದನೆ ಎಂದು ಬರೆದು ಕಳಿಸಿದೆ. ಅದು ಅವಳಿಗೆ ಮುಟ್ಟಲೇ ಇಲ್ಲ.

ಆ ವಾಸನೆ ಬಂದ ದಿನ ಚೀಲ ಒಳಗಿಟ್ಟವಳೇ ಫೋನ್ ತೆಗೆದೆ. ತಿಂಗಳ ಹಿಂದೆ ಅವಳು ಕೊನೆಯ ಓಟ ಓಡಿದ್ದಾಳೆ, ಇನ್ನು ಓಡುವುದಿಲ್ಲವಂತೆ. ಅದರ ತುಣುಕೊಂದು ಸಿಕ್ಕಿತು. ಕಡಲ ಪಕ್ಕದ ರಸ್ತೆ, ಗಾಳಿಗೆ ಬಾವುಟಗಳು ಹೊಡೆದುಕೊಳ್ಳುತ್ತಿವೆ. ಕೆನ್ನೆಯಲ್ಲಿ ನೆರಿಗೆ ಬಿದ್ದಿದೆ, ಹೆಜ್ಜೆ ಅದೇ. ಅವಳ ಪಕ್ಕದಲ್ಲಿ ಎಳೆಯ ಹುಡುಗಿಯೊಬ್ಬಳು ಸೋತು ವಾಲಾಡುತ್ತಿದ್ದಾಳೆ. ಇವಳು ಮುಂದೆ ಬಂದು, ಬಲಗೈ ಸೊಂಟದ ಹಿಂದೆ ತಂದು, ಬೆರಳು ಮಡಚಿದಳು. ಬಾ, ಬಾ. ಆ ಹುಡುಗಿ ಅವಳ ಬೆನ್ನ ಹಿಂದೆ ಸೇರಿಕೊಂಡಳು, ಕಣ್ಣು ತಗ್ಗಿಸಿ ಹಿಮ್ಮಡಿ ನೋಡುತ್ತಾ.

ರಜೆಗೆ ಬಂದಿದ್ದ ಮಗಳು ಹಿಂದಿನಿಂದ ಇಣುಕಿ, "ಅಮ್ಮಾ, ವೈ ಆರ್ ಯು ಕ್ರೈಯಿಂಗ್?" ಎಂದಳು. ಅಳುತ್ತಿರಲಿಲ್ಲ, ಉರಿಯುತ್ತಿದ್ದೆ. ಆದರೆ ಈ ಸಲ ಉರಿ ಮೇಲಿನ ಮನೆಯವಳ ಮೇಲಲ್ಲ. ಆ ಹುಡುಗಿಯ ಮೇಲೆ. ಅದು ನನ್ನ ಜಾಗ. ನನ್ನನ್ನು ಅಷ್ಟು ಸಲ ಕರೆದಿದ್ದ ಜಾಗ…

ಮರುದಿನ ಬೆಳಿಗ್ಗೆ ವಾದಿಗೆ ಹೋದೆ. ಮಂಡಿ ಈಗ ಹೇಳಿದ ಹಾಗೆ ಕೇಳುವುದಿಲ್ಲ, ಓಟ ಅಂದರೂ ಅರ್ಧ ನಡಿಗೆಯೇ. ಕಾಕ ಶಟರ್ ಎತ್ತುತ್ತಾ ಕೈ ಬೀಸಿದರು. ಬಾಲದ ಮಾತು ಅವರು ಬಿಟ್ಟು ಎಷ್ಟೋ ಕಾಲವಾಯಿತು. ಏರು ಹತ್ತುವಾಗ ಗಾಳಿ ಎದುರಾಯಿತು. ತಲೆ ತಗ್ಗಿಸಿದೆ, ಹಿಮ್ಮಡಿಯೊಂದು ಕಾಣಬೇಕಾದ ಕಡೆ ನೋಡಿದೆ. ಬರೀ ಮರಳು, ಕಲ್ಲು. ನನ್ನ ಮುಂದೆ ಯಾರೂ ಇರಲಿಲ್ಲ.