ಕುಂಬಿಯ ಮೇಲಿನ ಮೂರು ಕೊಡ

ಹುಣಸೆಹಣ್ಣು ಹಚ್ಚಿ ತಿಕ್ಕಿದ ತಾಮ್ರದ ವಾಸನೆ ಬಂದರೆ ಸಾಕು, ಹೂಲಿಯ ನಮ್ಮ ಮಣ್ಣಿನ ಮಾಳಿಗೆಯ ಮನೆ ಕಣ್ಣ ಮುಂದೆ ನಿಲ್ಲುತ್ತದೆ. ಮೊನ್ನೆಯೂ ಹಾಗೇ ಆಯಿತು. ಶಿಕ್ಷಕಿಯಾಗಿ ನಿವೃತ್ತಳಾದ ಮೇಲೂ ನಾನು ವಾರಕ್ಕೊಮ್ಮೆ ಸವದತ್ತಿಯ ಪ್ರೌಢಶಾಲೆಯೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ಬರೀ ಸೊನ್ನೆ ಮತ್ತು ಒಂದರಿಂದ ಯಂತ್ರ ಇಷ್ಟೆಲ್ಲ ಹೇಗೆ ಹೇಳುತ್ತದೆ ಎಂಬುದು ಒಂಬತ್ತನೆಯ ತರಗತಿಯ ಮಕ್ಕಳ ತಲೆಗೆ ಹತ್ತುತ್ತಿರಲಿಲ್ಲ. ಅದಕ್ಕೇ ಮೂರು ತಾಮ್ರದ ತಂಬಿಗೆ ತಿಕ್ಕಿ, ಚೀಲಕ್ಕೆ ಹಾಕಿಕೊಂಡು ಹೊರಟೆ.

ನಮ್ಮ ಮಾಳಿಗೆಯ ಅಂಚಿಗೆ ಮೊಣಕಾಲೆತ್ತರದ ಗೋಡೆ ಇತ್ತು, ಅದೇ ಕುಂಬಿ. ಅದರ ಮೇಲೆ ಅಜ್ಜಿ ಮೂರು ತಾಮ್ರದ ಕೊಡ ಸಾಲಾಗಿ ಇಡುತ್ತಿದ್ದಳು. ಗುಡ್ಡದ ಓರೆಯ ಹೊಲದಲ್ಲಿದ್ದ ಅಜ್ಜನಿಗೆ ಅವು ಕಾಣುತ್ತಿದ್ದವು. ಮೂರೂ ನೆಟ್ಟಗಿದ್ದರೆ ಎಲ್ಲ ಸರಿ. ಮೊದಲನೆಯದು ಬೋರಲಿದ್ದರೆ ಬೀಗರು ಬಂದಿದ್ದಾರೆ. ನಡುವಿನದಾದರೆ ಬರುವಾಗ ಮೇವು ತರಬೇಕು. ಮೂರೂ ಬೋರಲಾದರೆ ಮಾತ್ರ ಕೈಯಲ್ಲಿದ್ದ ಕೆಲಸ ಬಿಟ್ಟು ಗಾಡಿ ಹೂಡಿಕೊಂಡು ಬರಬೇಕು. ಆ ಮನೆಯಲ್ಲಿ ಏಳುವುದಕ್ಕೆ, ಉಣ್ಣುವುದಕ್ಕೆ, ಕೊಡ ಇಡುವುದಕ್ಕೆ ಕೂಡ ಕ್ರಮವಿತ್ತು. ಅದು ನನ್ನನ್ನು ಇಂದಿಗೂ ಬಿಟ್ಟಿಲ್ಲ.

ರಾಮದುರ್ಗದಿಂದ ಹೊಸದಾಗಿ ಗಂಡನ ಮನೆಗೆ ನಡೆಯಲು ಬಂದ ಚಿಗವ್ವನಿಗೆ, ಅಂದರೆ ನನ್ನ ಚಿಕ್ಕಪ್ಪನ ಹೆಂಡತಿಗೆ, ಇದನ್ನು ಯಾರೂ ಹೇಳಿರಲಿಲ್ಲ. ಮಣ್ಣೆತ್ತಿನ ಅಮಾವಾಸ್ಯೆ ಮುಂದಿತ್ತು. ಅವಳು ಕೊಡಗಳನ್ನು ಫಳಫಳ ಬೆಳಗಿ, ನೀರು ಬಸಿಯಲೆಂದು ಮೂರನ್ನೂ ಕುಂಬಿಯ ಮೇಲೆ ಬೋರಲು ಹಾಕಿದಳು. ಸ್ವಲ್ಪ ಹೊತ್ತಿಗೆ ಅಜ್ಜ ಬಿತ್ತುವುದನ್ನು ಅರ್ಧಕ್ಕೆ ಬಿಟ್ಟು, ಏದುಸಿರು ಬಿಡುತ್ತ ಗಾಡಿ ಹೊಡೆದುಕೊಂಡು ಬಂದ.

"ಯಾರಿಗೇನಾತು?"

"ಯಾರಿಗೂ ಏನಾಗಿಲ್ಲರಿ. ಕೊಡಕ್ಕ ನೆಗಡಿ ಬಂದೈತಿ, ಮೂಗು ಸೋರಾಕತ್ತೈತಿ," ಎಂದು ಅಜ್ಜಿ ನಕ್ಕಳು. ಚಿಗವ್ವ ನಗಲಿಲ್ಲ. ಬಿತ್ತನೆ ಕೆಡಿಸಿದ ಸೊಸೆಯೆಂದು ತವರಿಗೆ ಕಳಿಸಿಬಿಡುತ್ತಾರೇನೋ ಎಂಬ ಅಂಜಿಕೆಯಿಂದ ಬಾಗಿಲ ಹಿಂದೆ ನಿಂತು ಅಳುತ್ತಿದ್ದಳು. ಅಜ್ಜ ನೀರು ಕುಡಿದು, ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೇಳಿದ: "ಅಳಬ್ಯಾಡವ್ವಾ. ಗುರ್ತು ಮಾಡಿದಾವ್ರೂ ನಾವ, ನಿನಗ ಹೇಳದ ಬಿಟ್ಟಾವ್ರೂ ನಾವ. ತಪ್ಪು ನಮ್ದು." ಮರುದಿನ ಅಜ್ಜಿ ಅವಳನ್ನು ಮಾಳಿಗೆಗೆ ಕರೆದೊಯ್ದು ಎಲ್ಲ ಗುರುತು ಕಲಿಸಿದಳು. ಅಂದಿನಿಂದ ಕುಂಬಿಯ ಯಜಮಾನಿಕೆ ಚಿಗವ್ವನದು.

ಈ ಕಥೆ ಕೇಳಿ ಮಕ್ಕಳು, ನೆಟ್ಟಗಿದ್ದರೆ ಸೊನ್ನೆ, ಬೋರಲಿದ್ದರೆ ಒಂದು ಎಂದು ತಂಬಿಗೆ ತಿರುವಿ ತಿರುವಿ ಇಟ್ಟು ಲೆಕ್ಕ ಹಾಕಿದರು. ಮುಂದಿನ ಬೆಂಚಿನ ಹುಡುಗಿ ಎದ್ದಳು. "ಅಕ್ಕೋರ, ಎಂಟು ಸುದ್ದಿ ಹೇಳಬಹುದಿತ್ತರಿ! ನಿಮ್ಮ ಅಜ್ಜಾರು ನಾಕರಾಗ ಮುಗಿಸ್ಯಾರ. ಉಳಿದ ನಾಕು ದಂಡ ಆದುವಲ್ರಿ!"

"ನಮ್ಮ ಮನ್ಯಾಗ ಅಷ್ಟ ಸುದ್ದಿ ಸಾಕಾಗ್ತಿದ್ದುವವ್ವಾ," ಎಂದೆ. ತರಗತಿಯೆಲ್ಲ ನಕ್ಕಿತು.

ನಿಜವಾಗಿಯೂ ಸಾಕಾಗುತ್ತಿದ್ದವು. ಈಗ ಅಜ್ಜ, ಅಜ್ಜಿ, ಚಿಗವ್ವ ಯಾರೂ ಇಲ್ಲ. ಮಾಳಿಗೆ ಇದ್ದಲ್ಲಿ ಜಾಲಿ ಬೆಳೆದಿದೆ. ಪಾಠ ಮುಗಿದ ಮೇಲೆ ಹುಡುಗಿಯರು ತಂಬಿಗೆ ತೊಳೆದು, ಮೂರನ್ನೂ ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿ ಹೋದರು. ನಾನು ಹೊರಗಿನ ದಾರಿಯ ಕಡೆಗೆ ನೋಡಿದೆ. ಗಾಡಿಯ ಸದ್ದೇನೂ ಇರಲಿಲ್ಲ. ಆದರೂ ಅವು ಪೂರ್ತಿ ಒಣಗುವವರೆಗೆ ನಾನು ತೆಗೆಯಲಿಲ್ಲ.