ಕುರ್ಚಿ ಬೇಡವೆಂದ ಪಾಠ

ಇಪ್ಪತ್ತೇಳು ವರ್ಷ ಭೂಗೋಳ ಕಲಿಸಿದರೂ ತರಗತಿಯಲ್ಲಿ ನಾನು ಒಮ್ಮೆಯೂ ಕುರ್ಚಿಯ ಮೇಲೆ ಕೂತವಳಲ್ಲ. ಕೂತು ಕಲಿಸಿದರೆ ನಮಗೆ ನಿದ್ದೆ ಬರುತ್ತದೆ, ಮಕ್ಕಳಿಗೆ ಅದಕ್ಕೂ ಮೊದಲೇ ಬರುತ್ತದೆ. ನಮ್ಮ ಶಾಲೆಗೆ ಕಂಪ್ಯೂಟರ್ ಬಂದಾಗ ತೊಡಕಾದದ್ದು ಈ ಚಟವೇ.

ತಾಲೂಕು ಕೇಂದ್ರವಾದ ಇಂಡಿಯಿಂದ ನಮಗೆ ತರಬೇತಿ ಕೊಡಲು ಬಂದವಳು ನನ್ನ ಮಗಳ ವಯಸ್ಸಿನವಳು. ಕೊನೆಯ ದಿನ ನಾನು ಮಕ್ಕಳಿಗೆ ಕಂಪ್ಯೂಟರಿನಲ್ಲಿ ಕೃಷ್ಣಾ ನದಿಯ ನಕಾಶೆ ತೋರಿಸಬೇಕಿತ್ತು, ಅವಳು ನೋಡಿ ವರದಿ ಬರೆಯಬೇಕಿತ್ತು. ನಿಂತಲ್ಲೇ ಬಗ್ಗಿ ಮೌಸ್ ಹಿಡಿದೆ. ಪರದೆಯ ಮೇಲಿನ ಬಾಣ ಆಲಮಟ್ಟಿ ದಾಟಿ ಸಮುದ್ರಕ್ಕೆ ಹೋಗಿ ಬಿತ್ತು.

"ಅಕ್ಕಾರ, ಕುಂದರ್ರಿ," ಅಂದಳು.

"ನಾ ಕುಂತು ಪಾಠ ಮಾಡಾಕಿ ಅಲ್ಲ ತಂಗಿ."

"ನೀವು ನಿಂತ್ರ ಹುಡುಗ್ರಿಗೆ ಏನೂ ಕಾಣಂಗಿಲ್ರಿ."

ತಿರುಗಿ ನೋಡಿದೆ. ಮಕ್ಕಳೆಲ್ಲ ನನ್ನ ಬೆನ್ನು ನೋಡುತ್ತಿದ್ದರು. ಸಿಟ್ಟು ಬಂತು, ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಹಿಂದಿನ ಸಾಲಿನಲ್ಲಿದ್ದ ಮಹಾದೇವಿಯನ್ನು ಕರೆದು ಕುರ್ಚಿಯಲ್ಲಿ ಕೂಡಿಸಿ, ಮೌಸ್ ಅವಳ ಕೈಗೆ ಕೊಟ್ಟು, ನಾನು ಹಿಂದೆ ಹೋಗಿ ಗೋಡೆಗೆ ಒರಗಿ ನಿಂತೆ.

"ಆಲಮಟ್ಟಿ ಎಲ್ಲೈತಿ, ತೋರಸು."

ಎರಡು ಸಲ ತಪ್ಪಿತು. ಮೂರನೆಯ ಸಲ ಬಾಣ ಅಣೆಕಟ್ಟಿನ ಮೇಲೆ ನಿಂತಿತು. ಆಮೇಲೆ ಎಲ್ಲರೂ ಪಾಳಿ ಕೇಳತೊಡಗಿದರು.

ವರದಿಯಲ್ಲಿ ತರಬೇತಿ ಕೊಟ್ಟವಳು ಬರೆದದ್ದಿಷ್ಟು: ಮಕ್ಕಳಿಗೆ ಕಂಪ್ಯೂಟರ್ ಬರುತ್ತದೆ, ಶಿಕ್ಷಕಿಗೆ ಇನ್ನೂ ಬರಬೇಕು.

ನನಗೂ ಬಂತು. ದಿನಾ ಶಾಲೆ ಬಿಟ್ಟ ಮೇಲೆ ಕುರ್ಚಿಯಲ್ಲಿ ಕೂತು ಕಲಿತೆ. ಕಲಿಸಿದವಳು ಮಹಾದೇವಿ. ಅವಳು ಮಾತ್ರ ನಿಂತೇ ಕಲಿಸಿದಳು.