ಬಂತು ಅಂದ್ರ ನಿಲ್ಲು

ಲಗಮಪ್ಪ ಓಡುವವನಲ್ಲ. ದಾಂಡೇಲಿಯಲ್ಲಿ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಿದ್ದರು. ಬಸ್ಸು ಹೊರಟರೂ ಓಡಲಿಲ್ಲ, ಮಳೆ ಬಂದರೂ ಓಡಲಿಲ್ಲ. ಮದುವೆಯ ದಿನ ಅಕ್ಷತೆಗೆ ಹೊತ್ತಾಯಿತೆಂದು ಎಲ್ಲರೂ ಕೂಗುತ್ತಿರುವಾಗ ಎಲೆ ಅಡಿಕೆ ಜಗಿಯುತ್ತ ಮೆಲ್ಲಗೆ ನಡೆದು ಬಂದವನು. ಕಾಶೆವ್ವ ಬಾಸಿಂಗದ ಸಂದಿಯಿಂದ ಅದನ್ನು ನೋಡಿದ್ದಳು. ಇವನ ಕೂಡ ಬಾಳುವೆ ನಿಧಾನ ಆದೀತು ಅಂದುಕೊಂಡಿದ್ದಳು. ನಿಧಾನ ಆಗಲಿಲ್ಲ. ಬೇಗ ಮುಗಿಯಿತು.

ಅವನ ಊರು ಬೈಲಹೊಂಗಲದ ಕಡೆ. ಸಣ್ಣವನಿದ್ದಾಗ ಬೆಳಗಾವಿಯ ದಂಡಿನಲ್ಲಿ ಹುಲ್ಲು ಕೊಯ್ಯುವ ಕೆಲಸಕ್ಕಿದ್ದ. ಅಲ್ಲಿ ಸಿಪಾಯಿಗಳು ಫುಟ್‌ಬಾಲ್ ಆಡುವುದನ್ನು ಕುಡಗೋಲು ಕೈಯಲ್ಲಿ ಹಿಡಿದು ನೋಡುತ್ತ ಕೂತು ಬೈಸಿಕೊಂಡ. ಆಟ ಮಾತ್ರ ಕಲಿತ. ಮುಂದೆ ದಾಂಡೇಲಿಗೆ ಬಂದು ಒಬ್ಬ ಸಾವಕಾರರ ನಾಟಾ ಡಿಪೋ ಸೇರಿದ. ಕಾಡಿನಿಂದ ಲಾರಿಯಲ್ಲಿ ಬಂದ ಮರದ ದಿಮ್ಮಿಗಳನ್ನು ಇಳಿಸುವುದು, ಒಟ್ಟುವುದು ಅವನ ಕೆಲಸ.

ಆ ಸಾವಕಾರರಿಗೆ ಫುಟ್‌ಬಾಲಿನ ಹುಚ್ಚು. ಕಾಗದದ ಕಾರ್ಖಾನೆಯ ತಂಡವನ್ನು ಒಮ್ಮೆಯಾದರೂ ಸೋಲಿಸಬೇಕು ಅನ್ನುವುದು ಅವರ ಹಟ. ಅದಕ್ಕೇ ಪ್ರತಿ ವರ್ಷ ದೀಪಾವಳಿ ಆದ ಮೇಲೆ ಹುಡುಗರನ್ನು ಆರಿಸುತ್ತಿದ್ದರು. ಆರಿಸಿ ಬಂದವನಿಗೆ ಡಿಪೋದಲ್ಲಿ ಖಾಯಂ ಕೆಲಸ, ಕೂಲಿಕಾರರ ಮನೆಗಳ ಲೈನಿನಲ್ಲಿ ಒಂದು ಖೋಲಿ.

ಲಗಮಪ್ಪ ಆ ತಂಡದಲ್ಲಿ ಬರಿಗಾಲಲ್ಲಿ ಆಡುತ್ತಿದ್ದ. ಆಡುತ್ತಿದ್ದ ಅಂದರೆ ನಿಲ್ಲುತ್ತಿದ್ದ. ಅವನು ಎಲ್ಲಿ ನಿಲ್ಲುತ್ತಾನೋ ಚೆಂಡು ಅಲ್ಲಿಗೇ ಬರುತ್ತಿತ್ತು. ಮಂದಿ ಅವನಿಗೆ ಕಲ್ಲಬಸವಣ್ಣ ಎಂದು ಹೆಸರಿಟ್ಟಿದ್ದರು.

"ಚೆಂಡ ಓಡ್ತೈತಲ್ಲ, ಮತ್ತ ನಾ ಯಾಕ ಓಡ್ಲಿ?" ಅನ್ನುತ್ತಿದ್ದ ಲಗಮಪ್ಪ.

ಕಾಶೆವ್ವನ ತವರು ಹಳಿಯಾಳದ ಹತ್ತಿರದ ಹಳ್ಳಿ. ತಾಯಿ ತೀರಿಕೊಂಡ ಮೇಲೆ ತಮ್ಮ ಅಂದಾನೆಪ್ಪನನ್ನು ಅವಳೇ ಎತ್ತಿ ಆಡಿಸಿ ದೊಡ್ಡವನನ್ನು ಮಾಡಿದ್ದಳು. ಅಂದಾನೆಪ್ಪ ಹುಟ್ಟು ಓಟಗಾರ. ಕಾರಹುಣ್ಣಿವೆಯಲ್ಲಿ ಊರಬಾಗಿಲಿಗೆ ಕಟ್ಟಿದ ತೋರಣದ ಕರಿ ಹರಿಯಲು ಎತ್ತು ಬಿಟ್ಟಾಗ ಹಗ್ಗ ಹಿಡಿದು ಎತ್ತಿನ ಜೋಡಿ ಓಡುತ್ತಿದ್ದ. ಒಂದು ವರ್ಷ ಎತ್ತು ಹಿಂದೆ ಬಿತ್ತು, ಇವನೇ ಹೋಗಿ ಕರಿ ಹರಿದ. ಊರಿನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇವನಿಗೆ ದಾಂಡೇಲಿಯಲ್ಲಿ ಖಾಯಂ ಕೆಲಸವಾಗಬೇಕು, ತನ್ನ ಕಣ್ಣ ಮುಂದೆ ಇರಬೇಕು. ಕಾಶೆವ್ವನಿಗೆ ಇದ್ದ ಆಸೆ ಅದೊಂದೇ.

ಆರಿಸುವ ದಿನ ಅವನನ್ನು ಕರೆಸಿದಳು. ಆ ವರ್ಷ ಆರಿಸುವ ಮಾತು ಲಗಮಪ್ಪನದು ಎಂದು ಸಾವಕಾರರು ಹೇಳಿದ್ದರು. ಡಿಪೋದ ಮ್ಯಾನೇಜರು ಅಡಿವೆಯ್ಯನವರೂ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಅಂದಾನೆಪ್ಪ ಓಡಿದ್ದನ್ನು ನೋಡಿ ಅವರು ಎದ್ದೇ ನಿಂತರು.

"ಲಗಮಾ, ಇವನ್ನ ಬಿಡಬ್ಯಾಡ. ಓಟ ತಾಯಿ ಹೊಟ್ಟ್ಯಾಗಿಂದ ಬರಬೇಕು. ಆಟ ನಾಳೆ ಕಲಸಬಹುದು."

"ಓಟ ಕುದುರಿಗೂ ಐತ್ರಿ ಅಯ್ಯಾರ. ಒಂದು ಕುದುರಿ ತರಸ್ರಿ, ಆಡಸೂಣು."

"ನಿನ್ನಂಗ ನಿಂತ್ರ ಕಾರ್ಖಾನಿಯವರು ನಮ್ಮನ್ನ ದಾಟಿ ಗೋವಾಕ್ಕ ಹೋಗಿ ಬರ್ತಾರೋ."

"ಹೋಗ್ಲಿ ಬಿಡ್ರಿ. ಚೆಂಡ ಇಲ್ಲೇ ಇರ್ತೈತಿ."

ಲಗಮಪ್ಪ ಚೆಂಡನ್ನು ಮೆಲ್ಲಗೆ ಒದ್ದ. ಅಂದಾನೆಪ್ಪ ಗಾಳಿಯಂತೆ ಹೋದ. ಚೆಂಡನ್ನು ದಾಟಿ ಹೋದ. ಹೊರಳಿ ಬಂದ, ಮತ್ತೆ ದಾಟಿದ.

"ತಮ್ಮಾ," ಅಂದ ಲಗಮಪ್ಪ, "ಬೀಗರನ್ನ ಕರಿಯಾಕ ಹೋಗಿ ಬೀಗರನ್ನ ದಾಟಿ ಹೋದಂಗ ಆತಲ್ಲೋ ಇದು."

ಅವನನ್ನು ಬಿಟ್ಟು ರಾಮನಗರದ ಕಡೆಯ ಒಬ್ಬ ಗಿಡ್ಡ ಹುಡುಗನನ್ನು ಆರಿಸಿದ. ಆ ಹುಡುಗ ಆಮೆಯಂತೆ ನಡೆಯುತ್ತಿದ್ದ. ಆದರೆ ಚೆಂಡು ಅವನ ಕಾಲಿಗೆ ಅಂಟಿಕೊಂಡಿರುತ್ತಿತ್ತು.

ಮನೆಯಲ್ಲಿ ಕಾಶೆವ್ವ ತಾಟನ್ನು ಸದ್ದಾಗುವಂತೆ ಇಟ್ಟಳು.

"ನನ್ನ ತಮ್ಮ ಅಂತ ಬಿಟ್ಟಿರೋ, ಅವಗ ಬರಂಗಿಲ್ಲ ಅಂತ ಬಿಟ್ಟಿರೋ?"

"ಬರಂಗಿಲ್ಲ ಅಂತ."

"ಬರಂಗಿಲ್ಲಂದ್ರ ಕಲಸ್ರಿ ಮತ್ತ."

ಲಗಮಪ್ಪ ರೊಟ್ಟಿ ಮುರಿದ. ಮಾತಿಗೂ ಅವನು ಓಡುತ್ತಿರಲಿಲ್ಲ.

"ಓಡೂದು ಕಲಸಬೇಕಾಗಿದ್ರ ನನ್ನ ಕೈಲೆ ಆಗ್ತಿರಲಿಲ್ಲ. ಅದು ಅವಗ ದೇವರು ಕೊಟ್ಟದ್ದು. ನಿಲ್ಲೂದು ಕಲಸ್ತೇನಿ. ಒಂದ ವರ್ಷ ತಡಿ. ಬರೂ ದೀಪಾವಳಿಗೆ ಅಡಿವೆಯ್ಯನೋರು ಬಾಯಿ ತಕ್ಕೊಂಡು ನೋಡಬೇಕು, ಹಂಗ ಮಾಡ್ತೇನಿ."

ಅಂದಾನೆಪ್ಪ ಅಕ್ಕನ ಮನೆಯಲ್ಲೇ ಉಳಿದ. ಡಿಪೋದಲ್ಲಿ ದಿಮ್ಮಿಗಳ ತೊಗಟೆ ಸುಲಿಯುವ ದಿನಗೂಲಿ ಸಿಕ್ಕಿತು.

ಡಿಪೋದಲ್ಲಿ ಒಂದು ಮಾತಿತ್ತು. ಲಾರಿಯ ಮೇಲಿನವನು ದಿಮ್ಮಿ ಬಿಡುವಾಗ "ಬಂತು" ಎಂದು ಕೂಗುತ್ತಿದ್ದ. ಕೇಳಿದವನು ಹಾರಿ ಬದಿಗಾಗಬೇಕು. ಹಿಂದೆ ಮುಂದೆ ನೋಡಬಾರದು. ಈ ಮಾತು ಅವರ ಬಾಯಲ್ಲಿ ಎಷ್ಟು ಕೂತಿತ್ತೆಂದರೆ ಮೈದಾನದಲ್ಲಿ ಚೆಂಡು ಕಳಿಸುವಾಗಲೂ "ಬಂತು" ಎಂದೇ ಕೂಗುತ್ತಿದ್ದರು. ಹೊಸಬರು ಅದನ್ನು ಕೇಳಿ ಹಾರಿ ಬದಿಗಾಗುತ್ತಿದ್ದರು. ಚೆಂಡು ಸುಮ್ಮನೆ ಹೋಗಿಬಿಡುತ್ತಿತ್ತು. "ನಾಟಾ ಮಂದಿ ಚೆಂಡಿಗೆ ಹಾದಿ ಬಿಡ್ತಾರ," ಎಂದು ಕಾರ್ಖಾನೆಯವರು ನಗುತ್ತಿದ್ದರು.

ಅದಕ್ಕೆ ಲಗಮಪ್ಪ ಮೊದಲು ಕಲಿಸಿದ್ದು ಇದನ್ನೇ.

"ಬಂತು ಅಂದ್ರ ನಿಲ್ಲು. ಹಿಮ್ಮಡ ನೆಲಕ್ಕ ಊರು. ಎಲ್ಲಿಂದ ಬರ್ತೈತಿ ನೋಡು. ಆಮ್ಯಾಲ ಓಡು, ಬ್ಯಾಡ ಅನ್ನೂದಿಲ್ಲ."

ಪಕ್ಕದ ಖೋಲಿಯ ಮುದಕವ್ವ ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತ ಕೇಳಿದಳು, "ಅಲ್ಲೋ ಲಗಮಪ್ಪ, ಅಲ್ಲೆ ಹಾರು ಅಂತಾರ, ಇಲ್ಲೆ ನಿಲ್ಲು ಅಂತೀ. ಬ್ಯಾರೆ ಮಾತರ ಇಟ್ಕೋಬಾರದ?"

"ಅಂವೇನು ಎತ್ತೇನಬೇ? ಮನಶಾ ಅದಾನ. ತಿಳೀತೈತಿ."

ಚಿಂದಿ ಸುತ್ತಿ ಒಂದು ಚೆಂಡು ಮಾಡಿದ್ದರು. ಅಂದಾನೆಪ್ಪ ಉಣ್ಣುತ್ತಿರಲಿ, ನೀರು ತರುತ್ತಿರಲಿ, ಲಗಮಪ್ಪ "ಬಂತು" ಎಂದು ಎಸೆಯುತ್ತಿದ್ದ. ಅವನು ಕೆಲಸಕ್ಕೆ ಹೋದಾಗ ಕಾಶೆವ್ವ ಎಸೆಯುತ್ತಿದ್ದಳು. ಒಮ್ಮೆ ಅದು ಸಾರಿನ ಗಡಿಗೆಯಲ್ಲಿ ಬಿತ್ತು. ಮೂವರೂ ನಕ್ಕು ಅದೇ ಸಾರು ಉಂಡರು. ಮಳೆಗಾಲ ಮುಗಿಯುವ ಹೊತ್ತಿಗೆ "ಬಂತು" ಅನ್ನುವುದೇ ತಡ, ಅಂದಾನೆಪ್ಪ ಮೊಳೆ ಹೊಡೆದಂತೆ ನಿಲ್ಲುತ್ತಿದ್ದ.

"ಓಟನೂ ಐತಿ, ಆಟನೂ ಬಂತು. ಇನ್ನ ಇವನ್ನ ಹಿಡಿಯಾಂವ ಯಾರೂ ಇಲ್ಲ," ಅಂದ ಲಗಮಪ್ಪ. ಅವನು ಅಷ್ಟು ದೊಡ್ಡ ಮಾತು ಆಡಿದ್ದನ್ನು ಕಾಶೆವ್ವ ಬೇರೆ ಯಾವಾಗಲೂ ಕೇಳಿರಲಿಲ್ಲ.

ಮಳೆ ನಿಂತು ಕಾಡಿನ ಹಾದಿ ಒಣಗಿತು. ಜೋಯಿಡಾ ಕಡೆಯಿಂದ ಮೊದಲ ಲಾರಿಗಳು ಬಂದವು. ದಿಮ್ಮಿಗಳು ಇನ್ನೂ ಹಸಿ ಇದ್ದವು, ತೊಗಟೆ ಜಾರುತ್ತಿತ್ತು. ಮಧ್ಯಾಹ್ನ ಕಾಶೆವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ಡಿಪೋದಿಂದ ಒಬ್ಬ ಓಡಿ ಬಂದ. ಏದುಸಿರಿನಲ್ಲಿ ಹೇಳಿದ.

"ಅಕ್ಕಾರ, ಬರ್ರಿ. ಲಗಮಪ್ಪಣ್ಣ ಓಡಿ ಹೋಗಿ ದಿಮ್ಮಿ ಕೆಳಗ ಸಿಕ್ಕಾನ."

ಕಾಶೆವ್ವ ಮೊರ ಕೆಳಗಿಡಲಿಲ್ಲ.

"ಬ್ಯಾರೆ ಯಾರರ ಇರಬೇಕು, ನೋಡು ಹೋಗು," ಅಂದಳು. "ನಮ್ಮವರು ಓಡೂದಿಲ್ಲ."

ನಡೆದದ್ದು ಇಷ್ಟು. ಅಂದಾನೆಪ್ಪ ಲಾರಿಗೆ ಬೆನ್ನು ಮಾಡಿ ತೊಗಟೆ ಸುಲಿಯುತ್ತಿದ್ದ. ದಿಮ್ಮಿಗಳ ಕಟ್ಟು ಜಾರಿತು. ಮೇಲಿನವನು "ಬಂತು" ಎಂದು ಕೂಗಿದ. ಎಲ್ಲರೂ ಹಾರಿದರು. ಅಂದಾನೆಪ್ಪ ಹೊರಳಿ ನಿಂತ. ಹಿಮ್ಮಡ ನೆಲಕ್ಕೆ ಊರಿ ನಿಂತ. ಅಷ್ಟು ದೂರದಲ್ಲಿ ಹಗ್ಗ ಸುತ್ತುತ್ತಿದ್ದ ಲಗಮಪ್ಪ ಅದನ್ನು ನೋಡಿದ. ಹಗ್ಗ ಬಿಸಾಕಿ ಓಡಿದ. ಅಂದಾನೆಪ್ಪನನ್ನು ಎರಡೂ ಕೈಯಿಂದ ನೂಕಿದ. ದಿಮ್ಮಿ ಬಂದದ್ದು ಇವನ ಮೇಲೆ.

ಕಲ್ಲಬಸವಣ್ಣ ಓಡಿದ್ದನ್ನು ನಾವು ನೋಡಿದೆವು ಎಂದು ಡಿಪೋದವರು ಅವನನ್ನು ಮಣ್ಣು ಮಾಡಿದ ದಿನ ಒಬ್ಬರಿಗೊಬ್ಬರು ಹೇಳಿಕೊಂಡರು. ಎಂಥ ಓಟ ಅಂದರು. ಅಂಥ ಓಟ ಇವನಲ್ಲಿ ಎಲ್ಲಿ ಇತ್ತು ಅಂದರು. ಕಾಶೆವ್ವ ಅದನ್ನು ಕೇಳುತ್ತ ಕೂತಿದ್ದಳು. ಹೆಂಡತಿಯಾದವಳು ಆ ಓಟ ನೋಡಲಿಲ್ಲ. ಊರೆಲ್ಲ ನೋಡಿತು.

ದೀಪಾವಳಿ ಬಂತು, ಹೋಯಿತು. ಅವಳ ಮನೆಯಲ್ಲಿ ಹಣತೆ ಹಚ್ಚಲಿಲ್ಲ. ಅಡಿವೆಯ್ಯನವರು ಮಾತಾಡಿಸಲು ಬಂದು ಬಾಗಿಲಲ್ಲೇ ನಿಂತರು.

"ಈ ಸಲ ಆರಸೂದು ನನಗ ಹಚ್ಚ್ಯಾರವ್ವ. ನಿನ್ನ ತಮ್ಮನ್ನ ಕಳಸು."

ಅಂದಾನೆಪ್ಪ ಮೂಲೆಯಲ್ಲಿ ಕೂತಿದ್ದ. ಅವರು ಹೋದ ಮೇಲೆ ಅಂದ, "ನಾ ಹೋಗಂಗಿಲ್ಲಕ್ಕಾ. ನಾ ನಿಂತು ಮಾವನ್ನ ಕೊಂದೇನಿ."

"ನಿಲ್ಲು ಅಂದಾವ್ರು ಅವರು. ನಿಂತಿ. ನಿಂದೇನೈತಿ ಅದರಾಗ?"

"ಚೆಂಡ ಕಂಡ್ರ ದಿಮ್ಮಿ ಕಂಡಂಗ ಆಗ್ತೈತಿ."

"ಆಗಲಿ. ಒಂದು ವರ್ಷ ಅವರು ಉಂಡ ಅನ್ನ ಅರಗಿಸಿಕೊಳ್ಳದ ನಿನ್ನ ಹಿಂದ ಬಿದ್ದಿದ್ರು. ಹೋಗು. ಅವರು ಕಲಿಸಿದ್ದನ್ನ ಅವರಿಗೆ ತೋರಿಸಿ ಬಾ."

ಅಂದಾನೆಪ್ಪ ಹೋದ. ಕಾಶೆವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು. ಮಂದಿಯ ಗದ್ದಲ ಲೈನಿನವರೆಗೂ ಕೇಳುತ್ತಿತ್ತು. ಈಗ ಚೆಂಡು ಬಂದಿರಬೇಕು, ಈಗ ನಿಂತಿರಬೇಕು ಎಂದು ಅಂದುಕೊಳ್ಳುತ್ತ ಬಡಿದಳು. ಒಂದು ರೊಟ್ಟಿ ಸೀದು ಹೋಯಿತು.

ಹೊತ್ತು ಇಳಿಯುವ ಮೊದಲೇ ಅವನು ಬಂದ. ಚಪ್ಪಲಿ ಬಿಟ್ಟು ಬಾಗಿಲಿಗೆ ಒರಗಿದ.

"ತಗೊಂಡ್ರಕ್ಕಾ. ಖಾಯಂ ಆತು. ಖೋಲಿನೂ ಕೊಡ್ತಾರಂತ."

ಕಾಶೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಬಹಳ ದಿನದ ಮೇಲೆ ಅವಳ ದನಿಯಲ್ಲಿ ಸ್ವಲ್ಪ ಜೀವ ಬಂತು.

"ಚೆಂಡ ಹ್ಯಾಂಗ ಹಿಡದಿ? ನಿಂತಿ ಹೌದಿಲ್ಲೋ? ಅಡಿವೆಯ್ಯನೋರು ಏನಂದ್ರು?"

ಅಂದಾನೆಪ್ಪ ನೆಲ ನೋಡಿದ.

"ಚೆಂಡ ಕೊಡಲಿಲ್ಲಕ್ಕಾ."

"ಹಂಗಂದ್ರ?"

"ಡಿಪೋದ ಗೇಟಿನಿಂದ ಹೊಳಿತನಕ ಓಡಿಸಿದ್ರು. ಮೊದಲ ಮುಟ್ಟಿದವರನ್ನ ತಗೊಂಡ್ರು. ಆಟ ಆಮ್ಯಾಲ ಕಲಸ್ತಾರಂತ."

ಒಲೆಯಲ್ಲಿ ಕೊಳ್ಳಿ ಹೊರಗೆ ಬಂದಿತ್ತು. ಕಾಶೆವ್ವ ಅದನ್ನು ಒಳಗೆ ನೂಕಿದಳು. ಹೋದ ವರ್ಷವೂ ಇವನು ಇಷ್ಟೇ ಓಡುತ್ತಿದ್ದ. ಅವಳು ತಾಟು ಹಾಕಿ ರೊಟ್ಟಿ ಬಡಿಸಿದಳು. ಅವನು ಕೂತು ಒಂದು ತುತ್ತು ಮುರಿದ.

ಹೊರಗಡೆ ನಳದ ಹತ್ತಿರ ಮುದಕವ್ವ ಲೈನಿಗೆಲ್ಲ ಕೇಳುವಂತೆ ಕೂಗಿದಳು, "ಬಂತು! ನೀರು ಬಂತ್ರೇ!"

ಅಂದಾನೆಪ್ಪನ ಕೈ ತುತ್ತಿನ ಜೊತೆ ಹಾಗೇ ನಿಂತಿತು. ಕಾಶೆವ್ವನ ಕೈಯೂ ನಿಂತಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ಕೊಡ ತಗೊಂಡು ಓಡು," ಅಂದಳು ಕಾಶೆವ್ವ ಆಮೇಲೆ. "ನೀರು ಹೋದಾವು."

ಅವನು ಕೈ ತೊಳೆದು ಕೊಡ ಎತ್ತಿಕೊಂಡ. ಓಡಲಿಲ್ಲ. ಲೈನಿನ ಹೆಂಗಸರೆಲ್ಲ ಅವನನ್ನು ದಾಟಿ ಹೋದರು. ಅವನು ಮೆಲ್ಲಗೆ, ಲಗಮಪ್ಪನ ಹಾಗೆ, ನಡೆದು ಹೋದ.